ಪಕ್ಕದವರ ಗೋಡೆಗೆ ಕಟ್ಟಿದ ಚಪ್ಪರ

2020ರ ಮಾರ್ಚ್ 5, ಗುರುವಾರ. ಅಂದು ಸಂಜೆ ರಿಸರ್ವ್ ಬ್ಯಾಂಕು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಖಾತೆದಾರರು 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಆ ಬ್ಯಾಂಕಿನಲ್ಲಿ ದುಡ್ಡಿಟ್ಟವರು ಗಾಬರಿಯಾದರು, ಅದು ಅರ್ಥವಾಗುವ ಮಾತು. ಆದರೆ ಯೆಸ್ ಬ್ಯಾಂಕಿನ ಮೆಟ್ಟಿಲನ್ನೇ ಹತ್ತದ ಎಷ್ಟೋ ಜನ ಕೂಡ ಅಂದು ರಾತ್ರಿ ಫೋನ್ ಹಿಡಿದು ಗೊಣಗುತ್ತ ನಿಂತರು. ಅವರ ಫೋನ್‌ಪೇ ನಡೆಯುತ್ತಿರಲಿಲ್ಲ. ಬೆಂಗಳೂರಿನ ಫೋನ್‌ಪೇ ಆಗ ತನ್ನ ಯುಪಿಐ ವ್ಯವಹಾರವನ್ನೆಲ್ಲ ಯೆಸ್ ಬ್ಯಾಂಕ್ ಒಂದರ ಮೂಲಕವೇ ನಡೆಸುತ್ತಿತ್ತು. ನಿಮ್ಮ ಯುಪಿಐ ಐಡಿಯ ಬಾಲದಲ್ಲಿ ‘ವೈಬಿಎಲ್’ ಅಂತ ಇದ್ದರೆ ನೋಡಿ, ಅದು ಆ ಬ್ಯಾಂಕಿನ ಗುರುತೇ.

ಫೋನ್‌ಪೇ ಸುಮಾರು ಒಂದು ದಿನದಲ್ಲಿ ಐಸಿಐಸಿಐ ಬ್ಯಾಂಕಿಗೆ ದಾಟಿಕೊಂಡು ಎದ್ದು ನಿಂತಿತು. ಅಷ್ಟು ದೊಡ್ಡ ಕಂಪನಿಗೆ ಅದು ಸಾಧ್ಯವಾಯಿತು. ಎಲ್ಲರಿಗೂ ಆಗುವುದಿಲ್ಲ. ಅದು ಯಾಕೆ ಅನ್ನುವುದನ್ನು ಹೇಳಲಿಕ್ಕೆ ಈ ಬರಹ. ನಮ್ಮ ಬಳಗದ ಹುಡುಗರು ಈಗ ಒಬ್ಬರಾದ ಮೇಲೊಬ್ಬರು ನೌಕರಿ ಬಿಟ್ಟು ಸ್ವಂತದ್ದು ಏನಾದರೂ ಮಾಡಬೇಕು ಅನ್ನುತ್ತಿದ್ದಾರೆ. ಅವರ ಯೋಜನೆಗಳನ್ನು ನೋಡಿದರೆ ಹತ್ತಕ್ಕೆ ಎಂಟರ ಅಡಿಪಾಯ ಇನ್ನೊಂದು ಕಂಪನಿಯ ಎಪಿಐ.

ಐಟಿಯವರಲ್ಲದ ಓದುಗರಿಗಾಗಿ ಒಂದು ಮಾತು. ಎಪಿಐ ಅಂದರೆ ಖಾನಾವಳಿಯ ಅಡುಗೆಮನೆಗೆ ಇರುವ ಸಣ್ಣ ಕಿಟಕಿ ಅಂದುಕೊಳ್ಳಿ. ಚೀಟಿಯಲ್ಲಿ ‘ಎರಡು ರೊಟ್ಟಿ, ಒಂದು ಎಣ್ಣೆಗಾಯಿ’ ಅಂತ ಬರೆದು ಒಳಗೆ ಹಾಕಿದರೆ ತಾಟು ಹೊರಗೆ ಬರುತ್ತದೆ. ಒಳಗೆ ಎಷ್ಟು ಒಲೆ ಇವೆ, ಯಾರು ಬಡಿಯುತ್ತಾರೆ, ಅದು ನಿಮಗೆ ಬೇಡ. ಚೀಟಿಯ ರೂಪ ಸರಿ ಇರಬೇಕು, ಅಷ್ಟೆ. ಕಂಪ್ಯೂಟರಿನ ಲೋಕದಲ್ಲಿ ಒಂದು ಕಂಪನಿಯ ಪ್ರೋಗ್ರಾಮು ಇನ್ನೊಂದು ಕಂಪನಿಯ ಪ್ರೋಗ್ರಾಮಿಗೆ ಹೀಗೆ ಚೀಟಿ ಕೊಡುತ್ತದೆ: ಈ ವಿಳಾಸದ ನಕಾಶೆ ಕೊಡು, ಈ ವಾಕ್ಯವನ್ನು ಕನ್ನಡಕ್ಕೆ ತಿರುಗಿಸು, ಈ ಪಾರ್ಸೆಲ್ ಎಲ್ಲಿದೆ ಹೇಳು. ಕಿಟಕಿಯನ್ನು ಊರಿಗೆಲ್ಲ ತೆರೆದಿಟ್ಟರೆ ಅದು ಪಬ್ಲಿಕ್ ಎಪಿಐ. ಇನ್ನು ಆ ಕಿಟಕಿಯಿಂದ ಊಟ ತಂದು, ಬಾಳೆಎಲೆಯಲ್ಲಿ ಬಡಿಸಿ, ಮೇಲೊಂದಿಷ್ಟು ಚಟ್ನಿಪುಡಿ ಹಾಕಿ ಮಾರುವುದೇ ನಿಮ್ಮ ವ್ಯಾಪಾರವಾದರೆ ಏನಾಗುತ್ತದೆ ಅನ್ನುವುದು ಇಲ್ಲಿನ ಪ್ರಶ್ನೆ.

ಅಂಥ ವ್ಯಾಪಾರವನ್ನು ನಾವೂ ಮಾಡಿದ್ದೆವು. ನಾವು ಅಂದರೆ ನಾನು ಮತ್ತು ದೊಡ್ಡಪ್ಪನ ಮಗ. ಅವನನ್ನು ಅಣ್ಣ ಅಂತಲೇ ಕರೆಯುವುದು, ಇಲ್ಲೂ ಹಾಗೇ ಇರಲಿ. ಅಣ್ಣ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಹನ್ನೆರಡು ವರ್ಷ ಟ್ರಾನ್ಸ್‌ಪೋರ್ಟ್ ಆಫೀಸಿನ ಲೆಕ್ಕ ಬರೆದವನು. ಯಾವ ಗಾಡಿ ಎಷ್ಟು ಗಂಟೆಗೆ ಕೊಲ್ಲಾಪುರ ದಾಟುತ್ತದೆ ಅಂತ ಗಡಿಯಾರ ನೋಡದೆ ಹೇಳುವವನು. ನಾನು ಎಂಟೆಕ್ ಮುಗಿಸಿ 2011ರಲ್ಲಿ ಪುಣೆಗೆ ಬಂದವನು, ಹಿಂಜವಡಿಯಲ್ಲಿ ಎಂಟು ವರ್ಷ ಬೇರೆಯವರ ಕೋಡು ಬರೆದವನು. 2019ರಲ್ಲಿ ಇಬ್ಬರೂ ಸೇರಿ ಒಂದು ಸಣ್ಣ ಸಾಫ್ಟ್‌ವೇರ್ ಮಾಡಿದೆವು.

ಅದರ ಕೆಲಸ ಇಷ್ಟೇ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಗೋಕಾಕದ ಕರದಂಟು, ಶೇಂಗಾ ಚಟ್ನಿ, ಇಂಥವನ್ನು ಫೋನಿನ ಮೇಲೆಯೇ ಆರ್ಡರ್ ತಗೊಂಡು ಕೊರಿಯರ್ ಮಾಡುವ ಸಣ್ಣ ವ್ಯಾಪಾರಿಗಳು ಬಹಳ ಜನ ಇದ್ದಾರೆ. ಗಿರಾಕಿಗಳು ಸೊಲ್ಲಾಪುರ, ಪುಣೆ, ಮುಂಬೈ, ಹೈದರಾಬಾದಿನಲ್ಲಿ. ಪಾರ್ಸೆಲ್ ಕಳಿಸಿದ ಮರುದಿನದಿಂದಲೇ ‘ಎಲ್ಲಿಗೆ ಬಂತ್ರಿ?’ ಅಂತ ಫೋನು ಶುರು. ವ್ಯಾಪಾರಿ ಸೀರೆ ತೋರಿಸಬೇಕೋ, ಕೊರಿಯರಿನ ನಂಬರು ಹುಡುಕಬೇಕೋ? ನಾವು ಆ ನಂಬರನ್ನು ತಗೊಂಡು, ಕೊರಿಯರ್ ಕಂಪನಿಯ ಕಿಟಕಿಯಲ್ಲಿ ಚೀಟಿ ಹಾಕಿ, ‘ನಿಮ್ಮ ಸೀರೆ ಕೊಲ್ಲಾಪುರ ತಲುಪಿದೆ, ನಾಳೆ ಮನೆಗೆ’ ಅಂತ ಗಿರಾಕಿಗೆ ಕನ್ನಡದಲ್ಲೋ ಮರಾಠಿಯಲ್ಲೋ ಎಸ್ಸೆಮ್ಮೆಸ್ ಕಳಿಸುತ್ತಿದ್ದೆವು. ಇಂಗ್ಲಿಷಿನಲ್ಲಾದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಒತ್ತು, ದೀರ್ಘ, ಎಲ್ಲ ಬೇರೆ ಬೇರೆ ಎಣಿಕೆ. ‘ತಲುಪಿದೆ’ ಅನ್ನುವುದನ್ನು ‘ಬಂದಿದೆ’ ಮಾಡಿ, ‘ನಿಮ್ಮ’ ತೆಗೆದು, 70ರೊಳಗೆ ಕೂರಿಸಲಿಕ್ಕೆ ನಾನು ಹಳಗನ್ನಡದ ಕವಿಗಳಷ್ಟು ಒದ್ದಾಡಿದ್ದೇನೆ.

ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ, ಎಸ್ಸೆಮ್ಮೆಸ್ ಖರ್ಚು ಅವರದೇ. ಎರಡು ವರ್ಷದ ಕೊನೆಗೆ 140 ವ್ಯಾಪಾರಿಗಳಾದರು. ತಿಂಗಳಿಗೆ 42,000. ಸರ್ವರಿಗೆ 6,000, ಫೋನೆತ್ತಿ ವ್ಯಾಪಾರಿಗಳ ಜೊತೆ ಮಾತಾಡುತ್ತಿದ್ದ ಹುಡುಗಿಗೆ 14,000, ಉಳಿದದ್ದು ನಮ್ಮಿಬ್ಬರಿಗೆ. ನಮ್ಮ ಮನೆ ನಡೆಯುತ್ತಿದ್ದದ್ದು ನನ್ನ ಹೆಂಡತಿಯ ಸಂಬಳದಿಂದ. ಅಣ್ಣನ ಮನೆಯಲ್ಲಿ ಎರಡನೆಯ ಸಂಬಳ ಇರಲಿಲ್ಲ. ಆದರೂ ಸಂಖ್ಯೆ ಏರುತ್ತಿತ್ತು, ನಾವು ಖುಷಿಯಾಗಿದ್ದೆವು.

ವ್ಯಾಪಾರಿಗಳಲ್ಲಿ ಹೆಚ್ಚಿನವರು ಒಂದೇ ಕೊರಿಯರ್ ಕಂಪನಿಯನ್ನು ಬಳಸುತ್ತಿದ್ದರು. ಸಣ್ಣ ಊರುಗಳಲ್ಲಿ ಅವರದೇ ಆಫೀಸು, ಅವರದೇ ಹುಡುಗರು. ಕಂಪನಿಯ ಹೆಸರು ಇಲ್ಲಿ ಬೇಡ. ಅದರ ಎಪಿಐ ಪುಕ್ಕಟೆಯಾಗಿತ್ತು, ಹೆಸರು ನೋಂದಾಯಿಸಿದರೆ ಸಾಕಿತ್ತು. ‘ಬನ್ನಿ, ಇದರ ಮೇಲೆ ಕಟ್ಟಿ’ ಅಂತ ವೆಬ್‌ಸೈಟಿನಲ್ಲಿ ದೊಡ್ಡ ಅಕ್ಷರದ ಕರೆಯೋಲೆಯೂ ಇತ್ತು. ಒಂದು ಶುಕ್ರವಾರ ಸಂಜೆ ಇಮೇಲು ಬಂತು. ಮೂವತ್ತು ದಿನಗಳ ನಂತರ ಪ್ರತಿ ವಿಚಾರಣೆಗೆ 10 ಪೈಸೆ.

ಹತ್ತು ಪೈಸೆ! ಅಣ್ಣ ಮೊದಲು ನಕ್ಕುಬಿಟ್ಟ. “ಹತ್ತ ಪೈಸಾಕ್ಕ ಈಗ ಏನ ಬರತೈತೋ ತಮ್ಮಾ, ಕೊಟ್ಟಬಿಡೂನು” ಅಂದ. ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. 140 ವ್ಯಾಪಾರಿಗಳು, ಸರಾಸರಿ ದಿನಕ್ಕೆ ಹತ್ತು ಪಾರ್ಸೆಲ್, ಅಂದರೆ 1,400. ಒಂದು ಪಾರ್ಸೆಲ್ ಮನೆ ಮುಟ್ಟಲಿಕ್ಕೆ ನಾಲ್ಕು ದಿನ. ಮೂರು ತಾಸಿಗೊಮ್ಮೆ ‘ಎಲ್ಲಿದೆ?’ ಅಂತ ಕೇಳಿದರೆ ದಿನಕ್ಕೆ ಎಂಟು ಸಲ. ಗುಣಿಸಿದರೆ ದಿನಕ್ಕೆ 44,800 ವಿಚಾರಣೆ, ತಿಂಗಳಿಗೆ 13,44,000. ಹತ್ತು ಪೈಸೆಯ ಲೆಕ್ಕದಲ್ಲಿ 1,34,400 ರೂಪಾಯಿ. ನಮ್ಮ ಒಟ್ಟು ಆದಾಯದ ಮೂರು ಪಟ್ಟು. ಸರಿ, ದಿನಕ್ಕೆ ಎರಡೇ ಸಲ ಕೇಳೋಣ ಅಂದೆವು. ಆಗಲೂ 33,600. ಅದಕ್ಕೆ ಸರ್ವರು, ಹುಡುಗಿಯ ಸಂಬಳ ಕೂಡಿಸಿದರೆ 53,600. ನಮ್ಮಿಬ್ಬರಿಗೆ ಒಂದು ಪೈಸೆ ಇಲ್ಲದೆ ತಿಂಗಳಿಗೆ 11,600 ಕೈಯಿಂದ ಹಾಕಬೇಕು. ಮೇಲಾಗಿ ದಿನಕ್ಕೆ ಎರಡೇ ಸಲ ನೋಡಿದರೆ ಸುದ್ದಿ ತಡವಾಗುತ್ತದೆ, ಗಿರಾಕಿ ಮತ್ತೆ ವ್ಯಾಪಾರಿಗೇ ಫೋನು ಮಾಡುತ್ತಾನೆ. ಹಾಗಾದರೆ ನಾವು ಯಾಕೆ ಬೇಕು?

ಕಂಪನಿಯವರ ಜೊತೆ ಮಾತಾಡಿದೆವು. ಮಾತಾಡಿದ ಮನುಷ್ಯ ಸಭ್ಯಸ್ಥ. ಎರಡು ಸಲ ಫೋನೆತ್ತಿದ, ಎರಡೂ ಸಲ ‘ಪಾಲಿಸಿ’ ಅಂದ. ವ್ಯಾಪಾರಿಗಳಿಗೆ ದರ ಏರಿಸಿದೆವು, ಅರ್ಧ ಜನ ಬಿಟ್ಟರು. ಮೂರು ತಿಂಗಳಾದ ಮೇಲೆ ಅದೇ ಕಂಪನಿ ತನ್ನ ಗಿರಾಕಿಗಳಿಗೆ ತಾನೇ ಸಂದೇಶ ಕಳಿಸುವ ಸೇವೆ ಶುರು ಮಾಡಿತು, ಪುಕ್ಕಟೆಯಾಗಿ. ನಮ್ಮ 140 ವ್ಯಾಪಾರಿಗಳನ್ನು ನೋಡಿಯೇ ಮಾಡಿದರು ಅಂತ ನಾನು ಹೇಳಲಾರೆ. ನಾವು ಅವರ ಕಣ್ಣಿಗೆ ಬೀಳುವಷ್ಟು ದೊಡ್ಡವರಿರಲಿಲ್ಲ. ನಮ್ಮಂಥ ಐವತ್ತು ಜನ ಅದೇ ಕಿಟಕಿಯಲ್ಲಿ ಅದೇ ಚೀಟಿ ಹಾಕುತ್ತಿದ್ದಿರಬೇಕು. ಜನರಿಗೆ ಏನು ಬೇಕು ಅನ್ನುವುದು ಕಿಟಕಿಯ ಒಳಗೆ ಕೂತವನಿಗೆ ಮೊದಲು ತಿಳಿಯುತ್ತದೆ. ಅದಕ್ಕೆ ಗೂಢಚಾರಿಕೆ ಬೇಕಿಲ್ಲ, ಚೀಟಿ ಎಣಿಸಿದರೆ ಸಾಕು.

ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ಫೋನು ಮಾಡಿದರು. ಅರವತ್ತು ದಾಟಿದವರು, ನಮ್ಮ ಮೊದಲ ಹತ್ತು ಗಿರಾಕಿಗಳಲ್ಲಿ ಒಬ್ಬರು. “ಸರ, ಅವರ ಮೆಸೇಜು ಕನ್ನಡದಾಗ ಬರವಲ್ದು. ನಮ್ಮ ಗಿರಾಕಿ ಹೆಣ್ಣಮಕ್ಕಳು ಇದೇನು ಬ್ಯಾಂಕಿನ ಫ್ರಾಡ್ ಏನ್ರಿ ಅಂತ ಕೇಳಾಕತ್ಯಾರ” ಅಂದರು. 2022ರಲ್ಲಿ ನಾವು ಬಾಗಿಲು ಹಾಕಿದೆವು. ಹುಡುಗಿಗೆ ಅಣ್ಣನೇ ಇನ್ನೊಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸ ಹುಡುಕಿಕೊಟ್ಟ, ಅವನೂ ಮಾರ್ಕೆಟ್ ಯಾರ್ಡಿಗೆ ಮರಳಿದ. ನಾನು ಮತ್ತೆ ಹಿಂಜವಡಿಯ ಬಸ್ಸು ಹತ್ತಿದೆ.

ಈ ಕತೆ ಕೇಳಿದವರು ಸಾಮಾನ್ಯವಾಗಿ ಹೇಳುವುದು ‘ಎರಡು ಮೂರು ಕಂಪನಿಗಳ ಎಪಿಐ ಇಟ್ಟುಕೊಳ್ಳಬೇಕಿತ್ತು’ ಅಂತ. ಇಟ್ಟುಕೊಂಡಿದ್ದೆವು, ಬೇರೆ ಎರಡು ಕೊರಿಯರುಗಳದ್ದೂ ಇತ್ತು. ಆದರೆ ಪಾರ್ಸೆಲ್ ಒಂದು ಕಂಪನಿಯ ಗಾಡಿಯಲ್ಲಿ ಇರುವಾಗ ಅದು ಎಲ್ಲಿದೆ ಅಂತ ಇನ್ನೊಂದು ಕಂಪನಿ ಹೇಗೆ ಹೇಳೀತು? ಇಲ್ಲಿ ಒಂದು ವ್ಯತ್ಯಾಸವಿದೆ, ಅದನ್ನು ಯಾರೂ ಸರಿಯಾಗಿ ಬಿಡಿಸಿ ಹೇಳುವುದಿಲ್ಲ. ಫೋನ್‌ಪೇ ಒಂದೇ ದಿನದಲ್ಲಿ ಬ್ಯಾಂಕು ಬದಲಿಸಿತಲ್ಲ, ಅದಕ್ಕೆ ಅವರ ಎಂಜಿನಿಯರುಗಳ ಜಾಣತನ ಅರ್ಧ ಕಾರಣ. ಇನ್ನರ್ಧ, ಯುಪಿಐ ಅನ್ನುವುದು ಯಾವ ಬ್ಯಾಂಕಿನ ಸ್ವಂತ ಕಿಟಕಿಯೂ ಅಲ್ಲ. ನಿಯಮ ಎಲ್ಲರಿಗೂ ಒಂದೇ, ಬಾಗಿಲುಗಳು ಹಲವು. ಇಮೇಲೂ ಹಾಗೆಯೇ. ಒಬ್ಬ ಸೇವಾದಾರನನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿದರೂ ಪತ್ರ ಹೋಗುತ್ತದೆ, ಬರುತ್ತದೆ. ಆದರೆ ಒಂದು ಕಂಪನಿಯ ಬಳಿ ಮಾತ್ರ ಇರುವ ಮಾಹಿತಿಯ ಮೇಲೆ ಕಟ್ಟಿದರೆ ಎರಡನೆಯ ಬಾಗಿಲು ಎಂಬುದೇ ಇಲ್ಲ.

ಟ್ವಿಟರಿನ ಕತೆ ಈ ಎರಡನೆಯ ಜಾತಿಯದು. ಅದರ ಎಪಿಐ 2006ರಲ್ಲೇ ತೆರೆದುಕೊಂಡಿತು. ಮೊದಲ ವರ್ಷಗಳಲ್ಲಿ ಹೊರಗಿನ ಡೆವಲಪರುಗಳೇ ಒಳ್ಳೊಳ್ಳೆಯ ಆ್ಯಪ್‌ಗಳನ್ನು ಮಾಡಿ ಜನರನ್ನು ಅಲ್ಲಿಗೆ ಕರೆತಂದರು. ಟ್ವಿಟರಿಫಿಕ್ ಎಂಬ ಆ್ಯಪ್ ಟ್ವಿಟರಿಗಿಂತ ಮೊದಲೇ ನೀಲಿ ಹಕ್ಕಿಯ ಚಿತ್ರ ಬಳಸಿತ್ತು. ‘ಟ್ವೀಟ್’ ಅನ್ನುವ ಮಾತನ್ನು ಬಳಕೆಗೆ ತಂದವರಲ್ಲೂ ಅವರು ಮೊದಲಿಗರು. ಅಂದರೆ ಮನೆಯೊಳಗೆ ಆಡುವ ಮಾತು, ಬಾಗಿಲ ಮೇಲಿನ ಚಿತ್ರ ಎರಡರಲ್ಲೂ ಬಾಡಿಗೆದಾರರ ಕೊಡುಗೆ! 2012ರಲ್ಲಿ ಟ್ವಿಟರ್ ಇಂಥ ಆ್ಯಪ್‌ಗಳಿಗೆ ಒಂದು ಲಕ್ಷ ಬಳಕೆದಾರರ ಮಿತಿ ಹಾಕಿತು. 2023ರ ಜನವರಿಯಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಟ್ವಿಟರಿಫಿಕ್, ಟ್ವೀಟ್‌ಬಾಟ್ ಎರಡೂ ನಿಂತವು. ಯಾಕೆ ಅಂತ ಯಾರೂ ಹೇಳಲಿಲ್ಲ. ಇಂಥ ಆ್ಯಪ್ ಮಾಡಬಾರದು ಅನ್ನುವ ನಿಯಮ ಕರಾರುಪತ್ರದಲ್ಲಿ ಕಾಣಿಸಿಕೊಂಡದ್ದು ಒಂದು ವಾರದ ನಂತರ. ಮೊದಲು ಶಿಕ್ಷೆ, ಆಮೇಲೆ ಕಾನೂನು.

ಅದೇ ವರ್ಷ ರೆಡ್ಡಿಟ್‌ನದು. ಅಪೋಲೋ ಎಂಬ ಆ್ಯಪನ್ನು ಹೆಚ್ಚುಕಡಿಮೆ ಒಬ್ಬನೇ ನಡೆಸುತ್ತಿದ್ದ ಕ್ರಿಶ್ಚಿಯನ್ ಸೆಲಿಗ್ ತನ್ನ ಲೆಕ್ಕವನ್ನು ಸಾರ್ವಜನಿಕವಾಗಿ ಇಟ್ಟ. ರೆಡ್ಡಿಟ್ ಹೇಳಿದ ದರ 5 ಕೋಟಿ ವಿಚಾರಣೆಗೆ 12,000 ಡಾಲರ್. ಅವನ ಆ್ಯಪ್ ತಿಂಗಳಿಗೆ ಮಾಡುತ್ತಿದ್ದದ್ದು 700 ಕೋಟಿ ವಿಚಾರಣೆ. ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಆಗುತ್ತದೆ. ಸಾವಿರಾರು ಚರ್ಚಾಗುಂಪುಗಳು ಜೂನಿನಲ್ಲಿ ಬಾಗಿಲು ಮುಚ್ಚಿ ಪ್ರತಿಭಟಿಸಿದವು. ದರ ಇಳಿಯಲಿಲ್ಲ. ಜೂನ್ 30ಕ್ಕೆ ಅಪೋಲೋ ನಿಂತಿತು. ಆ ಸುದ್ದಿ ಓದಿ ನಾನು ಅಣ್ಣನಿಗೆ ಫೋನು ಮಾಡಿದ್ದೆ. “ನಮ್ಮ ಹತ್ತ ಪೈಸಾದ್ದ ಲೆಕ್ಕನ ಅದು, ಬರೇ ಡಾಲರಿನಾಗ” ಅಂದ.

ಕನ್ನಡಿಗರಾದ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಒಂದಿದೆ, ಬಹಳ ಜನ ಮರೆತಿದ್ದಾರೆ. 2010ರ ಆಸುಪಾಸಿನಲ್ಲಿ ಕನ್ನಡ ಬ್ಲಾಗು, ಜಾಲತಾಣಗಳಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದರೆ ಕನ್ನಡವಾಗುವ ಪೆಟ್ಟಿಗೆ ಇರುತ್ತಿತ್ತು. ಎಷ್ಟೋ ಕಡೆ ಅದರ ಹಿಂದೆ ಇದ್ದದ್ದು ಗೂಗಲ್‌ನ ಲಿಪ್ಯಂತರ ಎಪಿಐ. 2011ರ ಮೇ 26ರಂದು ಗೂಗಲ್ ತನ್ನ ಹಲವು ಎಪಿಐಗಳನ್ನು ಒಟ್ಟಿಗೆ ಕೈಬಿಡುವುದಾಗಿ ಹೇಳಿತು. ಪಟ್ಟಿಯಲ್ಲಿ ಲಿಪ್ಯಂತರವೂ ಇತ್ತು, ಅನುವಾದದ ಎಪಿಐಯೂ ಇತ್ತು. ಅನುವಾದದ ಎಪಿಐ ಡಿಸೆಂಬರ್ 1ಕ್ಕೆ ಬಂದ್ ಅಂದರು. ಡೆವಲಪರುಗಳು ಗಲಾಟೆ ಮಾಡಿದ ಮೇಲೆ ಜೂನ್ ಮೊದಲ ವಾರದಲ್ಲಿ, ದುಡ್ಡು ಕೊಡುವವರಿಗೆ ಇರುತ್ತದೆ ಅಂದರು. ಅದೇ ಜೂನಿನಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಮೊದಲ ಸಲ ಸೇರಿತು! ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿದುಕೊಂಡರು ಅನ್ನಲಾರೆ, ಎರಡು ಬೇರೆ ಬೇರೆ ತಂಡಗಳ ಕೆಲಸ ಇದ್ದೀತು. ಆದರೆ ಕನ್ನಡ ಟೈಪಿಂಗಿನ ವಿಷಯದಲ್ಲಿ ನಾವು ಅನಾಥರಾಗಲಿಲ್ಲ, ಕಾರಣ ನಮ್ಮಲ್ಲಿ ಬೇರೆ ಗೋಡೆಗಳೂ ಇದ್ದವು. 1998ರಿಂದಲೇ ಬರಹ ಇತ್ತು, ಕನ್ನಡ ಗಣಕ ಪರಿಷತ್ತಿನ ನುಡಿ ಇತ್ತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇತ್ತು. ವಿಕಿಪೀಡಿಯದವರು ತಮ್ಮ ಬರಹಗಾರರಿಗಾಗಿ ಓಪನ್ ಸೋರ್ಸ್ ಟೈಪಿಂಗ್ ಸಾಧನವನ್ನು ತಾವೇ ಮಾಡಿಕೊಂಡರು. ಈ ಲೇಖನವನ್ನು ನಾನು ಕುಟ್ಟುತ್ತಿರುವುದು ಕೆ.ಪಿ. ರಾವ್ ವಿನ್ಯಾಸದಲ್ಲೇ. ಅದು ನನ್ನ ಬೆರಳಲ್ಲಿದೆ, ಯಾವ ಕಂಪನಿಯೂ ಶುಕ್ರವಾರ ಸಂಜೆ ಇಮೇಲು ಕಳಿಸಿ ಅದನ್ನು ಕಿತ್ತುಕೊಳ್ಳಲಾಗದು.

ನಕಾಶೆಯ ಕತೆ ಇವೆರಡರ ನಡುವಿನದು, ನನಗೆ ಎಲ್ಲಕ್ಕಿಂತ ಕುತೂಹಲದ್ದೂ ಹೌದು. ಗೂಗಲ್ ಮ್ಯಾಪ್ಸ್ 2005ರಲ್ಲಿ ಬಂದಾಗ ಎಪಿಐಯೇ ಇರಲಿಲ್ಲ. ಪಾಲ್ ರಾಡೆಮಾಕರ್ ಎಂಬ ಪ್ರೋಗ್ರಾಮರ್ ಅದನ್ನು ಒಳಗಿನಿಂದ ಬಿಚ್ಚಿ ನೋಡಿ, ಬಾಡಿಗೆ ಮನೆಗಳ ಜಾಹೀರಾತುಗಳನ್ನು ನಕಾಶೆಯ ಮೇಲೆ ಚುಚ್ಚಿ ತೋರಿಸಿದ. ಗೂಗಲ್ ಸಿಟ್ಟಾಗಲಿಲ್ಲ. ಅದೇ ವರ್ಷ ಅಧಿಕೃತ ಎಪಿಐ ಬಿಟ್ಟಿತು, ಅವನಿಗೆ ಕೆಲಸವನ್ನೂ ಕೊಟ್ಟಿತು. ಆರೇಳು ವರ್ಷ ಎಲ್ಲ ಪುಕ್ಕಟೆ. 2012ರಿಂದ ದಿನಕ್ಕೆ 25,000ಕ್ಕಿಂತ ಹೆಚ್ಚು ನಕಾಶೆ ತೋರಿಸಿದರೆ ಸಾವಿರಕ್ಕೆ 4 ಡಾಲರ್ ಅಂದರು. ಆಗ ಫೋರ್‌ಸ್ಕ್ವೇರ್‌ನಂಥ ಕಂಪನಿಗಳು ಎದ್ದು ಓಪನ್‌ಸ್ಟ್ರೀಟ್‌ಮ್ಯಾಪ್ ಕಡೆ ಹೋದವು. ಕೆಲವೇ ತಿಂಗಳಲ್ಲಿ ದರ ಅರ್ಧ ಡಾಲರಿಗೆ ಇಳಿಯಿತು. 2018ರಲ್ಲಿ ಮತ್ತೆ ಎಲ್ಲ ಬದಲು. ಸಾವಿರ ನಕಾಶೆಗೆ 7 ಡಾಲರ್, ತಿಂಗಳಿಗೆ 200 ಡಾಲರ್ ತನಕ ಮಾಫಿ. ದಿನಕ್ಕೆ 25,000 ಪುಕ್ಕಟೆ ಇದ್ದದ್ದು ತಿಂಗಳಿಗೆ ಸುಮಾರು 28,000ಕ್ಕೆ ಇಳಿಯಿತು. ಮುಂದೆ 2024ರ ಜುಲೈಯಲ್ಲಿ ಬೆಂಗಳೂರಿನ ಓಲಾದ ಭವಿಶ್ ಅಗರ್ವಾಲ್, ತಮ್ಮ ಕಂಪನಿ ಗೂಗಲ್ ಮ್ಯಾಪ್ಸ್ ಬಿಟ್ಟು ಸ್ವಂತ ನಕಾಶೆಗೆ ಹೋಯಿತು, ವರ್ಷಕ್ಕೆ 100 ಕೋಟಿ ರೂಪಾಯಿಯ ಖರ್ಚು ಉಳಿಯಿತು ಅಂದರು. ಬೇರೆ ಡೆವಲಪರುಗಳಿಗೂ ತಮ್ಮ ನಕಾಶೆಯನ್ನು ಒಂದು ವರ್ಷ ಪುಕ್ಕಟೆ ಕೊಡುತ್ತೇವೆ ಅಂದರು. ಆಗಸ್ಟ್ 1ರಿಂದ ಗೂಗಲ್ ಭಾರತಕ್ಕೆ ಮಾತ್ರ ದರವನ್ನು ಶೇಕಡಾ 70ರ ತನಕ ಇಳಿಸಿ, ರೂಪಾಯಿಯಲ್ಲಿ ಬಿಲ್ಲು ಕೊಡಲು ಶುರು ಮಾಡಿತು.

ಈ ಏರಿಳಿತದಲ್ಲಿ ನನಗೆ ಕಾಣುವುದು ಇಷ್ಟು: ದರ ಇಳಿದ ಎರಡೂ ಸಲ ಗಿರಾಕಿಗೆ ಹೋಗಲಿಕ್ಕೆ ಇನ್ನೊಂದು ಜಾಗ ಇತ್ತು. ಹಾಗಂತ ಓಲಾ ನಕಾಶೆಗೆ ಓಡಿದ ಸಣ್ಣವನು ಸುರಕ್ಷಿತನೇ? ಅಲ್ಲ. ಅವನು ಗೋಡೆ ಬದಲಿಸಿದ, ಚಪ್ಪರ ಹಾಗೇ ಇದೆ. ‘ಒಂದು ವರ್ಷ ಪುಕ್ಕಟೆ’ ಅನ್ನುವವನು ಎರಡನೆಯ ವರ್ಷದ ದರವನ್ನು ಬರೆದು ಕೊಟ್ಟಿರುವುದಿಲ್ಲ.

ಎಪಿಐ ಮುಚ್ಚುವ ಕಂಪನಿಗಳನ್ನೆಲ್ಲ ಖಳನಾಯಕರನ್ನಾಗಿ ಮಾಡಲು ನನಗೆ ಮನಸ್ಸಿಲ್ಲ. ಸರ್ವರು ಓಡಿಸುವುದಕ್ಕೆ ದುಡ್ಡು ಬೇಕು, ಅದು ನನ್ನ ದಿನದ ಕೆಲಸ, ಗೊತ್ತು. ಕೆಲವು ಸಲ ಕಾರಣ ನಿಜಕ್ಕೂ ಒಳ್ಳೆಯದಿರುತ್ತದೆ. 2018ರಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಹಗರಣ ಹೊರಬಿದ್ದ ಮೇಲೆ ಫೇಸ್‌ಬುಕ್ ತನ್ನ ಮತ್ತು ಇನ್‌ಸ್ಟಾಗ್ರಾಮಿನ ಎಪಿಐಗಳನ್ನು ಏಪ್ರಿಲ್ ಮೊದಲ ವಾರದಲ್ಲಿ ಗಬಕ್ಕನೆ ಬಿಗಿಮಾಡಿತು. ಜನರ ಖಾಸಗಿ ಮಾಹಿತಿ ಸೋರಬಾರದು ಅಂದರೆ ಯಾರು ಬೇಡ ಅಂದಾರು? ಆದರೆ ಯಾವ ತಂಟೆಯೂ ಇಲ್ಲದೆ ಪ್ರಾಮಾಣಿಕವಾಗಿ ಅದರ ಮೇಲೆ ಸಣ್ಣ ಆ್ಯಪ್ ನಡೆಸುತ್ತಿದ್ದವರದೂ ಅದೇ ವಾರ ನಿಂತಿತು. ಮುಚ್ಚುವವನ ಕಾರಣ ನ್ಯಾಯದ್ದೋ ಅನ್ಯಾಯದ್ದೋ ಅನ್ನುವುದು ಹೊರಗೆ ನಿಂತವನ ಸಂಬಳದ ದಿನಾಂಕವನ್ನು ಬದಲಿಸುವುದಿಲ್ಲ.

ಅಲ್ಲದೆ ಆ ಪುಕ್ಕಟೆ ಕಿಟಕಿ ಇಲ್ಲದೆ ಹೋಗಿದ್ದರೆ ನಮ್ಮ ಕಂಪನಿ ಒಂದು ದಿನವೂ ಇರುತ್ತಿರಲಿಲ್ಲ. ಇಬ್ಬರು ಮನುಷ್ಯರು, ಒಂದು ಲ್ಯಾಪ್‌ಟಾಪ್, 140 ವ್ಯಾಪಾರಿಗಳು. ಕಿಟಕಿ ಮುಚ್ಚಬಹುದು ಅನ್ನುವುದು ಮೊದಲ ದಿನದಿಂದ ಗೊತ್ತಿತ್ತು, ಗೊತ್ತಿದ್ದೇ ಹಾಕಿದ ಲೆಕ್ಕ ಅದು. ಅಣ್ಣ ಇವತ್ತಿಗೂ ಆ ಎರಡು ವರ್ಷವನ್ನು ತನ್ನ ಜೀವನದ ಒಳ್ಳೆಯ ವರ್ಷಗಳಲ್ಲಿ ಎಣಿಸುತ್ತಾನೆ. ನಾನೂ.

ಈಗ ಎಲ್ಲರ ಕಣ್ಣು ಎಐ ಕಡೆ. ನನ್ನ ಹೆಂಡತಿಯ ತಮ್ಮ ಹೈದರಾಬಾದಿನಲ್ಲಿದ್ದಾನೆ, ಮಾಧಾಪುರದಲ್ಲಿ ಒಳ್ಳೆಯ ನೌಕರಿ. ಅದನ್ನು ಬಿಟ್ಟು ಪಹಣಿ ಓದಿ ಹೇಳುವ ಆ್ಯಪ್ ಮಾಡಬೇಕು ಅಂತ ಹೊರಟಿದ್ದಾನೆ. ವಿಚಾರ ನನಗೆ ಇಷ್ಟವಾಯಿತು. ಈ ಪತ್ರಿಕೆ ಓದುವ ಎಷ್ಟು ಜನಕ್ಕೆ ಊರಿನಲ್ಲಿ ಅಪ್ಪನ ಹೆಸರಿನ ನಾಲ್ಕೆಕರೆ ಇಲ್ಲ ಹೇಳಿ? ಪಹಣಿಯ ಚಿತ್ರ ತೆಗೆದು ಕಳಿಸಿದರೆ ಕಾಲಂ ಕಾಲಂ ಬಿಡಿಸಿ, ಯಾರ ಹೆಸರು, ಯಾವ ಬೋಜ, ಏನು ಬದಲಾಗಿದೆ ಅಂತ ಸರಳ ಕನ್ನಡದಲ್ಲಿ ಹೇಳುವುದು. ಓದಿ ಅರ್ಥ ಮಾಡಿಕೊಳ್ಳುವ ಕೆಲಸವನ್ನೆಲ್ಲ ಅಮೆರಿಕದ ಒಂದು ಕಂಪನಿಯ ಎಐ ಮಾಡೆಲ್ ಮಾಡುತ್ತದೆ, ಇವನದು ಮೇಲಿನ ಚಟ್ನಿಪುಡಿ.

ಅವನಿಗೆ ನಾನು ಎರಡು ಘಟನೆ ಹೇಳಿದೆ. ಓಪನ್‌ಎಐ 2023ರ ಮಾರ್ಚ್ 20ರಂದು ತನ್ನ ಕೋಡೆಕ್ಸ್ ಎಪಿಐ ಬಳಸುತ್ತಿದ್ದವರಿಗೆ, ಇದು 23ಕ್ಕೆ ನಿಲ್ಲುತ್ತದೆ ಅಂತ ತಿಳಿಸಿತು. ಮೂರು ದಿನ. ಸಂಶೋಧಕರು ಗದ್ದಲ ಮಾಡಿದ ಮೇಲೆ ಅವರ ಮಟ್ಟಿಗೆ ಉಳಿಸಿದರು. ಅದೇ ಕಂಪನಿ 2024ರ ಜನವರಿ 4ರಂದು ತನ್ನ ಹಳೆಯ ಮಾಡೆಲ್‌ಗಳ ಒಂದು ಹಿಂಡನ್ನೇ ನಿಲ್ಲಿಸಿತು. ಅದಕ್ಕೆ ಆರು ತಿಂಗಳ ಮುನ್ಸೂಚನೆ ಇತ್ತು, ಸರಿ. ಆದರೆ ಮಾಡೆಲ್ ಬದಲಾದರೆ ಉತ್ತರವೂ ಬದಲಾಗುತ್ತದೆ. ಹಳೆಯದು ಸರಿಯಾಗಿ ಓದುತ್ತಿದ್ದ ಪಹಣಿಯನ್ನು ಹೊಸದು ಹೇಗೆ ಓದುತ್ತದೋ ಮತ್ತೆ ಮೊದಲಿನಿಂದ ಪರೀಕ್ಷಿಸಬೇಕು. ಜಮೀನಿನ ಕಾಗದದಲ್ಲಿ ಒಂದು ಅಕ್ಷರ ಆಚೀಚೆಯಾದರೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಇನ್ನೊಂದು ಮಾತು, ಈ ಎಪಿಐಗಳು ಲೆಕ್ಕ ಹಾಕುವುದು ಟೋಕನ್ ಎಂಬ ತುಣುಕುಗಳಲ್ಲಿ. ಅದೇ ವಿಷಯವನ್ನು ಹೇಳಲು ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚು ತುಣುಕು ಬೇಕಾಗುತ್ತವೆ. ನಮ್ಮ 70 ಅಕ್ಷರದ ಎಸ್ಸೆಮ್ಮೆಸ್ ನೆನಪಾಯಿತು. ಕನ್ನಡದಲ್ಲಿ ಮಾತಾಡುವುದಕ್ಕೆ ತೆರಿಗೆ ಆಗಲೂ ಇತ್ತು, ಈಗಲೂ ಇದೆ.

“ಹಂಗಾದ್ರ ಮಾಡಬ್ಯಾಡ ಅಂತೀರೇನ್ ಮಾಮಾ?” ಅಂತ ಕೇಳಿದ. ಮಾಡಬೇಡ ಅನ್ನಲು ನಾನ್ಯಾರು. ನಾನು ಕೇಳಿದ್ದು ಒಂದೇ, ನಾಳೆ ಬೆಳಿಗ್ಗೆ ಆ ಕಿಟಕಿ ಮುಚ್ಚಿದರೆ ನಿನ್ನ ಹತ್ತಿರ ಏನು ಉಳಿಯುತ್ತದೆ? ಅವನು ಒಂದು ವಾರ ಬಿಟ್ಟು ಉತ್ತರ ಕೊಟ್ಟ. ಜನರ ಪಹಣಿಗಳನ್ನು ಅವರ ಒಪ್ಪಿಗೆ ಪಡೆದು, ಸರಿಯಾದ ಓದಿನ ಜೊತೆ ತನ್ನಲ್ಲೇ ಜೋಡಿಸಿ ಇಟ್ಟುಕೊಳ್ಳುತ್ತಾನಂತೆ. ನಿವೃತ್ತ ಗ್ರಾಮಲೆಕ್ಕಿಗರೊಬ್ಬರನ್ನು ತಿಂಗಳ ಲೆಕ್ಕದಲ್ಲಿ ಗೊತ್ತುಮಾಡಿ ತಿದ್ದಿಸುತ್ತಾನಂತೆ. ಆ ತಿದ್ದಿದ ರಾಶಿ ಅವನದು. ಮಾಡೆಲ್ ಯಾವುದೇ ಇರಲಿ, ಅದರಿಂದ ಪರೀಕ್ಷೆ ಮಾಡಬಹುದು, ಬೇಕಾದರೆ ಸಣ್ಣ ಮಾಡೆಲ್ ಒಂದನ್ನು ಕಲಿಸಲೂಬಹುದು. ಎಐ ಜೊತೆ ಮಾತಾಡುವ ಕೋಡನ್ನು ಒಂದೇ ಮೂಲೆಯಲ್ಲಿ ಇಟ್ಟು, ಎರಡನೆಯ ಕಂಪನಿಯ ಎಪಿಐಯನ್ನೂ ತಿಂಗಳಿಗೊಮ್ಮೆ ಓಡಿಸಿ ನೋಡುತ್ತಾನಂತೆ. ಬರೀ ಇಟ್ಟುಕೊಂಡರೆ ಸಾಲದು, ಓಡಿಸಬೇಕು ಅನ್ನುವುದು ಅವನಿಗೇ ಹೊಳೆದಿತ್ತು, ನನಗೆ ಸಮಾಧಾನವಾಯಿತು. ರಾಜೀನಾಮೆಯನ್ನು ಆರು ತಿಂಗಳು ಮುಂದೆ ಹಾಕಿದ್ದಾನೆ. ನನ್ನ ಹೆಂಡತಿಗೆ ಆ ಆರು ತಿಂಗಳೇ ಮುಖ್ಯ ಸುದ್ದಿ.

ಕಳೆದ ಭಾನುವಾರ ಅವನು ಪುಣೆಗೆ ಬಂದಿದ್ದ. ಯಾವ ಕಂಪನಿಯ ಕಿಟಕಿಯೂ ಇಲ್ಲದೆ, ಇಂಟರ್ನೆಟ್ಟನ್ನೂ ತೆಗೆದು, ಪುಕ್ಕಟೆ ಸಿಗುವ ಓಪನ್ ಮಾಡೆಲ್ ಒಂದನ್ನು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಕಿ, ಲಿಂಗಸುಗೂರು ಹತ್ತಿರದ ನಮ್ಮ ಮಾವನವರ ಹೊಲದ ಪಹಣಿಯನ್ನು ಓದಿಸಿದೆವು. ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡಿತು. ನಾಲ್ಕು ನಿಮಿಷದ ಮೇಲೆ ಉತ್ತರ ಬಂತು. ಸರ್ವೆ ನಂಬರು ಸರಿ, ಮಾವನವರ ಹೆಸರು ಸರಿ, ವಿಸ್ತೀರ್ಣ ಸರಿ. ಮಣ್ಣಿನ ಕಾಲಮ್ಮಿನ ಪಕ್ಕ ‘ಖುಷ್ಕಿ’ ಅಂತ ಇದ್ದದ್ದನ್ನು ಮಾತ್ರ ಅದು ‘ಖುಷಿ’ ಅಂತ ಓದಿಕೊಂಡು, ಇದು ಸಂತೋಷದ ಜಮೀನು ಎಂದು ವಿವರಿಸಿತ್ತು. ಆ ಒಣಭೂಮಿಯಲ್ಲಿ ನಲವತ್ತು ವರ್ಷ ಜೋಳ ಬೆಳೆದ ಮಾವನವರಿಗೆ ಫೋನು ಮಾಡಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಂತ ತಹಶೀಲ್ದಾರರ ಕಡೆ ಬರಿಸಿಕೊಂಡು ಬರ್ರಿ” ಅಂದರು.